ಏಳು ಜನ, ಒಂದು ಕೂಸು, ನಾಲ್ಕು ದಿನ ಮೈಸೂರು: ಪ್ಲಾನ್ ನೋಡಿ ಹೇಳಿ

ನಿಟುವಳ್ಳಿ ಸೊಸೆ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೈಸೂರಿಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ಶನಿವಾರ ಬೆಳಿಗ್ಗೆ ದಾವಣಗೆರೆ ಬಿಟ್ಟು ಮಂಗಳವಾರ ರಾತ್ರಿ ವಾಪಸ್. ಒಟ್ಟು ಏಳು ಜನ. ನಾನು, ನಮ್ಮ ಮನೆಯವರು, 1 ವರ್ಷ 10 ತಿಂಗಳ ಮಗ, ಅತ್ತೆ, ಮಾವ, ನಮ್ಮಮ್ಮ, ಇಂಜಿನಿಯರಿಂಗ್ ಓದುತ್ತಿರೋ ನಾದಿನಿ.

ಅತ್ತೆಗೆ 66. ಎರಡೂ ಮಂಡಿ ನೋವು. ನೆಲದ ಮೇಲೆ ಕೂತರೆ ಏಳೋಕೆ ಯಾರಾದರೂ ಕೈ ಕೊಡಬೇಕು. ಮಾವನಿಗೆ 72, ಬಿಪಿ ಮಾತ್ರೆ ಒಂದು ಬಿಟ್ಟರೆ ಗಟ್ಟಿಯಾಗಿದ್ದಾರೆ. ಆದರೆ ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ಒಂದು ಹನಿ ಕಾಫಿ ಹಾಕುವುದಿಲ್ಲ. ಪೂಜೆಗೆ ಮುಕ್ಕಾಲು ಗಂಟೆ ಬೇಕು, ಸದ್ದಿರಬಾರದು. ನಮ್ಮ ಮಗನಿಗೆ ಬೆಳಿಗ್ಗೆ ಆರಕ್ಕೇ ಸದ್ದು ಶುರು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ ತನಕ ನಿದ್ದೆ. ಅದು ತಪ್ಪಿದರೆ ಸಂಜೆ ಬೀದಿಯವರೆಲ್ಲ ಕಿಟಕಿ ಹಾಕಿಕೊಳ್ಳಬೇಕು, ಅಷ್ಟು ರಂಪ.

ನಾನು ಹಾಕಿದ ಪ್ಲಾನ್ ಇದು. ಶನಿವಾರ ದಾರಿಯಲ್ಲಿ ಶ್ರೀರಂಗಪಟ್ಟಣ, ರಂಗನತಿಟ್ಟು ನೋಡಿಕೊಂಡು ಮೈಸೂರು. ಭಾನುವಾರ ಚಾಮುಂಡಿ ಬೆಟ್ಟ, ನಂಜನಗೂಡು, ಸಂಜೆ ಕೆಆರ್‌ಎಸ್. ಸೋಮವಾರ ಅರಮನೆ, ಜಗನ್ಮೋಹನ ಅರಮನೆ, ಚರ್ಚು, ರೈಲು ಮ್ಯೂಸಿಯಂ, ದೇವರಾಜ ಮಾರ್ಕೆಟ್. ಮಂಗಳವಾರ ಮೃಗಾಲಯ, ಕಾರಂಜಿ ಕೆರೆ, ಅಲ್ಲಿಂದಲೇ ಊರಿಗೆ.

ಕಾರೋ ರೈಲೋ? ಸ್ಟ್ರೋಲರ್ ಕೊಳ್ಳಬೇಕಾ? ಏನಾದರೂ ಬಿಡಬೇಕಾ? ಹೇಳಿ.

ಮಂಡಕ್ಕಿ ಮೆಣಸಿನಕಾಯಿ:

ಮೊದಲು ಒಂದು ವಿಷಯ. ಮಂಗಳವಾರ ಮೈಸೂರು ಮೃಗಾಲಯಕ್ಕೆ ವಾರದ ರಜೆ. ಗೇಟು ನೋಡಿಕೊಂಡು ಬರಬೇಕಾಗುತ್ತೆ. ಉಳಿದದ್ದನ್ನು ತಿಳಿದವರು ಹೇಳಲಿ, ನಾನು ಮಂಡಕ್ಕಿ ತಿನ್ನುತ್ತಾ ಓದುತ್ತೇನೆ.

ಎರಡು ಮಕ್ಕಳ ಅಪ್ಪ:

ಅಕ್ಕಾ, ಈ ಪಟ್ಟಿಯಲ್ಲಿ ಹನ್ನೆರಡು ಜಾಗ ಎಣಿಸಿದೆ. ನಾವು ಇಬ್ಬರೇ ಗಂಡ ಹೆಂಡತಿ ಹೋದಾಗಲೂ ಇಷ್ಟು ನೋಡಿಲ್ಲ. ಎರಡು ವರ್ಷ ತುಂಬದ ಮಗು ಇದ್ದರೆ ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು. ನಡುವೆ ರೂಮಿಗೆ ಬಂದು ಊಟ, ನಿದ್ದೆ. ಅತ್ತೆಯವರ ಮಂಡಿಗೂ ಅಷ್ಟೇ ಬೇಕಾಗಿರೋದು.

ಸ್ಟ್ರೋಲರ್ ಬೇಡ. ಫುಟ್‌ಪಾತ್ ಮೇಲೆ ಹತ್ತು ಹೆಜ್ಜೆಗೊಂದು ಗುಂಡಿ, ಒಂದು ಕಂಬ, ಒಂದು ಬೈಕು. ಕೊನೆಗೆ ಮಗುವನ್ನು ಎತ್ತಿಕೊಂಡು, ಅದರಲ್ಲಿ ಬ್ಯಾಗು ಕೂರಿಸಿ ತಳ್ಳಿಕೊಂಡು ಬರ್ತೀರಿ. ನಮ್ಮದು ಹಾಗೇ ಆಯಿತು.

ಮೈಸೂರಲ್ಲಿರೋ ದಾವಣಗೆರೆಯವಳು:

ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ಊರಿಂದ ನೆಂಟರು ಬಂದಾಗಲೆಲ್ಲ ತಿರುಗಾಡಿಸೋ ಕೆಲಸ ನನ್ನದೇ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನಿಮ್ಮ ಪ್ಲಾನಿನಲ್ಲಿ ಭಾನುವಾರ ಮತ್ತು ಸೋಮವಾರ ಅದಲು ಬದಲಾಗಿದೆ. ಅರಮನೆಗೆ ಪೂರ್ತಿ ದೀಪ ಹಾಕೋದು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ, ಸಂಜೆ ಏಳರ ಸುಮಾರಿಗೆ. ತೊಂಬತ್ತು ಸಾವಿರಕ್ಕೂ ಜಾಸ್ತಿ ಬಲ್ಬು ಒಂದೇ ಸಲ ಹೊತ್ತಿಕೊಳ್ಳುತ್ತೆ. ಮುಕ್ಕಾಲು ಗಂಟೆ ಇರುತ್ತೆ. ಅಷ್ಟು ದೂರ ಬಂದು ಭಾನುವಾರ ಸಂಜೆ ಕೆಆರ್‌ಎಸ್‌ನಲ್ಲಿ ಕಳೆದು, ಸೋಮವಾರ ಹಗಲು ಅರಮನೆ ನೋಡಿ ಹೋದರೆ ಆಮೇಲೆ ಬೇಜಾರು ಮಾಡ್ಕೋತೀರಿ.

ಒಳಗೆ ನೋಡೋಕೆ ಬೆಳಿಗ್ಗೆ 10ರಿಂದ ಸಂಜೆ 5.30. ಚಪ್ಪಲಿ ಹೊರಗೇ ಬಿಡಬೇಕು. ಹಗಲು ಅಂಗಳದ ಕಲ್ಲು ಸುಡುತ್ತೆ, ಅತ್ತೆಗೂ ಮಗುವಿಗೂ ಸಾಕ್ಸ್ ಇಟ್ಕೊಳ್ಳಿ. ದರ್ಬಾರ್ ಹಾಲ್ ಇರೋದು ಮಹಡಿ ಮೇಲೆ. ಮೆಟ್ಟಿಲು ಹತ್ತಬೇಕು. ನಾಲ್ಕಕ್ಕೆ ಒಳಗೆ ಹೋಗಿ, ಹೊರಗೆ ಬಂದು ಬಯಲಲ್ಲಿ ಕೂತು, ದೀಪ ನೋಡಿಕೊಂಡು ಬನ್ನಿ.

ಮೃಗಾಲಯ ಸೋಮವಾರಕ್ಕೆ ಹಾಕಿ. ಬೆಳಿಗ್ಗೆ 8.30ಕ್ಕೆ ಬಾಗಿಲು ತೆಗೀತಾರೆ, ಆಗಲೇ ಹೋಗಬೇಕು. ಪ್ರಾಣಿಗಳೂ ಆಗ ಎದ್ದು ಓಡಾಡ್ತಿರ್ತವೆ, ಹತ್ತೂವರೆ ಆದ ಮೇಲೆ ಎಲ್ಲ ನೆರಳಿಗೆ ಮಲಗಿಬಿಡುತ್ತವೆ. 1892ರ ಮೃಗಾಲಯ ಅದು, ಹಳೇ ಮರಗಳು, ಒಳ್ಳೆ ನೆರಳು. ಆದರೆ ಒಳಗೆ ಮೂರು ಕಿಲೋಮೀಟರಿಗೆ ಕಡಿಮೆ ಇಲ್ಲ ನಡಿಗೆ. ಬ್ಯಾಟರಿ ಗಾಡಿ ಇದೆ, ಅತ್ತೆಯವರನ್ನು ಮೊದಲೇ ಅದರಲ್ಲಿ ಕೂರಿಸಿಬಿಡಿ. 'ಸ್ವಲ್ಪ ದೂರ ನಡೀತೀನಿ' ಅಂತಾರೆ. ನಂಬಬೇಡಿ.

ಬೆಟ್ಟಕ್ಕೆ ಭಾನುವಾರ ಬೆಳಿಗ್ಗೆ ಏಳೂವರೆಗೆ ಹೋದರೆ ಸಾಕು. ಸಾವಿರ ಮೆಟ್ಟಿಲು ಹತ್ತೋ ಆಸೆ ಮಾವನವರಿಗೆ ಬಂದರೆ ಮುಖ ತಿರುಗಿಸಿ. ಗಾಡಿ ಮೇಲಿನ ತನಕ ಹೋಗುತ್ತೆ. ನಂದಿಗೂ ಗಾಡಿಯಲ್ಲೇ ಹೋಗಬಹುದು.

ಜಗನ್ಮೋಹನ, ಚರ್ಚು, ರೈಲು ಮ್ಯೂಸಿಯಂ ಎಲ್ಲ ಒಂದೇ ದಿನ ಬೇಡ. ರೈಲು ಮ್ಯೂಸಿಯಂ ಒಂದನ್ನು ಇಟ್ಕೊಳ್ಳಿ, ಪುಟಾಣಿ ರೈಲು ಇದೆ. ಕೆಆರ್‌ಎಸ್ ಬಿಡಿ. ಬೃಂದಾವನದಲ್ಲಿ ಕಾರಂಜಿ ನೋಡೋ ಜಾಗ ಮುಟ್ಟೋಕೆ ತುಂಬ ನಡೀಬೇಕು, ಅದೂ ಕತ್ತಲಲ್ಲಿ, ಜನದ ನಡುವೆ.

ನಿಟುವಳ್ಳಿ ಸೊಸೆ:

ದೇವರಂತೆ ಬಂದಿರಿ. ಆದರೆ ಮಾವನಿಗೆ ನಂಜನಗೂಡು ಬೇಕೇ ಬೇಕು. ಸುತ್ತೂರು ಮಠವನ್ನೂ ನೋಡಬೇಕು ಅಂತಾರೆ.

ಮೈಸೂರಲ್ಲಿರೋ ದಾವಣಗೆರೆಯವಳು:

ಸುತ್ತೂರು ಮಠದ ಶಾಖೆ ಚಾಮುಂಡಿ ಬೆಟ್ಟದ ಪಾದದಲ್ಲೇ ಇದೆ. ಬೆಟ್ಟದಿಂದ ಇಳಿಯುವಾಗ ಹೋಗಿಬರಬಹುದು. ನಂಜನಗೂಡು 25 ಕಿಲೋಮೀಟರ್ ಒಳಗೇ. ಆದರೆ ಸೋಮವಾರ ಹೋಗಬೇಡಿ, ನಂಜುಂಡೇಶ್ವರನ ವಾರ, ಸಾಲು ಜಾಸ್ತಿ. ಮಂಗಳವಾರ ಬೆಳಿಗ್ಗೆ ಬೇಗ ಹೋಗಿ, ಅಲ್ಲಿಂದ ವಾಪಸ್ ಬಂದು ರೂಮು ಖಾಲಿ ಮಾಡಿ ಹೊರಡಿ.

ಬೀರೂರು ಜಂಕ್ಷನ್:

ರೈಲಿನ ಮಾತು ಬಂದರೆ ಸುಮ್ನಿರೋಕೆ ಆಗಲ್ಲ. ನಮ್ಮ ಕಡೆಯಿಂದ ಮೈಸೂರಿಗೆ ಎರಡು ದಾರಿ. ಒಂದು ಅರಸೀಕೆರೆಯಲ್ಲಿ ತಿರುಗಿ ಹಾಸನದ ಮೇಲೆ, ಇನ್ನೊಂದು ಬೆಂಗಳೂರು ಸುತ್ತಿ. ವಿಶ್ವಮಾನವ ಎಕ್ಸ್‌ಪ್ರೆಸ್ ಹಗಲು ಗಾಡಿ, ಬೆಂಗಳೂರು ಸುತ್ತಿಕೊಂಡು ಹೋಗುತ್ತೆ. ಮಗು ಇಟ್ಟುಕೊಂಡು ಇಡೀ ಹಗಲು ಅದರಲ್ಲಿ ಕೂರೋದು ಕಷ್ಟ. ರಾತ್ರಿ ಗಾಡಿ ಹಾಸನದ ಮೇಲೆ ಹೋಗಿ ಬೆಳಿಗ್ಗೆ ಮೈಸೂರು ಮುಟ್ಟಿಸುತ್ತೆ. ಆದರೆ ಅದು ದಾವಣಗೆರೆಗೆ ಬರೋದೇ ಊರು ಮಲಗಿದ ಮೇಲೆ.

ರೈಲಿಗೇ ಹೋಗೋದಾದರೆ ಒಂದು ವಿಷಯ ಗೊತ್ತಿರಲಿ, ನೂರಕ್ಕೆ ತೊಂಬತ್ತು ಜನ ಇಲ್ಲೇ ಎಡವೋದು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ. ಎಲ್ಲರೂ ಒಟ್ಟಿಗೆ ಇರಲಿ ಅಂತ ಒಂದೇ ಟಿಕೆಟಿನಲ್ಲಿ ಆರೂ ಜನರ ಹೆಸರು ಹಾಕಿದರೆ ಆ ಕೋಟಾ ಸಿಗಲ್ಲ. ಅಜ್ಜ ಅಜ್ಜಿ ಇಬ್ಬರದ್ದೇ ಬೇರೆ ಟಿಕೆಟ್ ಮಾಡಿಸಿ, ನಿಮ್ಮಮ್ಮನದು ಇನ್ನೊಂದು. ಐದು ವರ್ಷದ ಒಳಗಿನ ಮಗುವಿಗೆ ಟಿಕೆಟ್ ಬೇಡ, ಬರ್ತೂ ಇಲ್ಲ. ಬೇಕಾದರೆ ಪೂರ್ತಿ ದುಡ್ಡು. ಹಿರಿಯರಿಗೆ ಇದ್ದ ರಿಯಾಯಿತಿ 2020ರಲ್ಲೇ ನಿಂತುಹೋಗಿದೆ, ಅದನ್ನು ಲೆಕ್ಕಕ್ಕೆ ಹಿಡೀಬೇಡಿ. ಮುಂಗಡ ಬುಕಿಂಗ್ ಕೂಡ 2024ರ ನವೆಂಬರಿಂದ 120 ದಿನ ಇದ್ದದ್ದು 60 ದಿನಕ್ಕೆ ಇಳಿದಿದೆ.

ನಿಟುವಳ್ಳಿ ಸೊಸೆ:

ಇಷ್ಟನ್ನೂ ಅತ್ತೆಗೆ ಓದಿ ಹೇಳಿದೆ. 'ಹೆಂಗಸರಿಗೆ ಬಸ್ಸು ಫ್ರೀ ಇರುವಾಗ ಕಾರು ರೈಲು ಅಂತ ದುಡ್ಡು ಯಾಕೆ ಸುಡ್ತೀರಿ, ನಾವು ನಾಲ್ಕು ಜನ ಹೆಂಗಸರು ಪುಕ್ಕಟೆ' ಅಂದರು!

ಮಂಡಕ್ಕಿ ಮೆಣಸಿನಕಾಯಿ:

ಅತ್ತೆ ಲೆಕ್ಕ ತಪ್ಪಿಲ್ಲ. 2023ರ ಜೂನ್ 11ರಿಂದ ನಮ್ಮನೆಯ ಯಾವ ಹೆಂಗಸೂ ಟಿಕೆಟಿಗೆ ದುಡ್ಡು ಕೊಟ್ಟಿಲ್ಲ. ಆದರೆ ರಾಜಹಂಸ, ಐರಾವತಕ್ಕೆ ಅದು ನಡೆಯಲ್ಲ ಅಂತ ಹೇಳಿ. ಕೆಂಪು ಬಸ್ಸಿನಲ್ಲಿ ಮಂಡಿ ಮಡಚಿಕೊಂಡು ಏಳೆಂಟು ಗಂಟೆ ಕೂರ್ತಾರಾ ಕೇಳಿ.

ನಿಟುವಳ್ಳಿ ಸೊಸೆ:

ಕೇಳಿದೆ. ಕಾರೇ ಅಂತಾಯಿತು.

ಒಂಟಿ ಸವಾರ:

ಬೇಜಾರು ಮಾಡ್ಕೋಬೇಡಿ. ಮಂಡಿ ನೋವಿನವರನ್ನು, ಪೂಜೆಯವರನ್ನು ಎಲ್ಲ ಕಟ್ಟಿಕೊಂಡು ಹೋಗಿ ಯಾರಿಗೂ ಖುಷಿ ಇಲ್ಲದಂತೆ ಮಾಡಿಕೊಳ್ಳೋದು ಯಾಕೆ? ಹಿರಿಯರು ಮನೆಯಲ್ಲಿ ಆರಾಮಾಗಿರಲಿ. ನೀವು ಮೂವರು ಹೋಗಿಬನ್ನಿ.

ಎರಡು ಮಕ್ಕಳ ಅಪ್ಪ:

ತಮ್ಮಾ, ನಿನಗೆ ಮದುವೆ ಆಗಲಿ, ಆಮೇಲೆ ಮಾತಾಡೋಣ.

ಹರಿಹರದ ಅಜ್ಜಿ:

ನಾನು ಸುಮ್ಮನೆ ಓದುವವಳು, ಬರೆಯುವುದು ಕಡಿಮೆ. ಮೊಮ್ಮಗಳು ಈ ಫೋನಿನಲ್ಲಿ ಕನ್ನಡ ಹಾಕಿಕೊಟ್ಟಿದ್ದಾಳೆ. ಆ ಹುಡುಗ ಹೇಳಿದ್ದಕ್ಕೆ ನನಗೇನೂ ಸಿಟ್ಟಿಲ್ಲ. ಆದರೆ ಒಂದು ಮಾತು ಕೇಳಬೇಕು, ಸೊಸೆಯಂದಿರಿಗೂ ಗಂಡುಮಕ್ಕಳಿಗೂ.

ಹೋದ ವರ್ಷ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. 'ಅಮ್ಮ, ಊರೆಲ್ಲ ತೋರಿಸ್ತೀವಿ ಬಾ' ಅಂತ. ಮೂರು ದಿನ ಇದ್ದೆವು. ಮೂರು ಮಧ್ಯಾಹ್ನವೂ ಮಗು ಮಲಗುವ ಹೊತ್ತಿಗೆ ಎಲ್ಲರೂ ನನ್ನ ಮುಖ ನೋಡಿದರು. ನಾನೇ 'ನೀವು ಹೋಗಿಬನ್ನಿ, ನಾನಿರ್ತೀನಿ' ಅಂದೆ. ಅನ್ನದೆ ಇನ್ನೇನು ಮಾಡಲಿ? ರೂಮಿನಲ್ಲಿ ಏಸಿ ಜಾಸ್ತಿ, ಕಡಿಮೆ ಮಾಡೋದು ಗೊತ್ತಾಗಲಿಲ್ಲ. ಟಿವಿ ಹಾಕಿದರೆ ಮಗು ಎದ್ದೀತು. ಪರದೆ ಸರಿಸಿದರೆ ಬೆಳಕು. ಕತ್ತಲಲ್ಲಿ ಸೆರಗು ಹೊದ್ದುಕೊಂಡು ಮಗುವಿನ ಎದೆ ಏರಿಳಿಯೋದನ್ನು ನೋಡುತ್ತಾ ಕೂತಿದ್ದೆ. ಸಂಜೆ ಅವರು ಬಂದು ಫೋಟೋ ತೋರಿಸಿದರು. ಲಾಲ್‌ಬಾಗಿನ ಗಾಜಿನ ಮನೆ. ನಮ್ಮ ಕುಂದುವಾಡ ಕೆರೆ ಹತ್ತಿರ ಇರೋ ಗಾಜಿನ ಮನೆ ನೋಡಿದ್ದೇನೆ, ಲಾಲ್‌ಬಾಗಿನದು ಇವತ್ತಿಗೂ ನೋಡಿಲ್ಲ.

ಮೊಮ್ಮಗು ನೋಡಿಕೊಳ್ಳೋದು ನನಗೆ ಕಷ್ಟ ಅಂತ ಅಲ್ಲ. ಮನೆಯಲ್ಲಿ ದಿನವೂ ಮಾಡ್ತೀನಿ. ಆದರೆ ಕರೆಯುವಾಗಲೇ ಹೇಳಬೇಕು, ಊರು ತೋರಿಸೋಕೆ ಕರೀತಿದ್ದೀರೋ, ಮಗು ಕಾಯೋಕೆ ಕರೀತಿದ್ದೀರೋ ಅಂತ.

ಬೀರೂರು ಜಂಕ್ಷನ್:

ಇದನ್ನು ನಮ್ಮ ಮನೆಯಲ್ಲಿ ಓದಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ, ಎದ್ದು ಅಡುಗೆಮನೆಗೆ ಹೋದರು.

ನಿಟುವಳ್ಳಿ ಸೊಸೆ:

ಅಜ್ಜಿ, ನಿಜ ಹೇಳ್ತೀನಿ. ನಾನು ಮಧ್ಯಾಹ್ನ 12.30ರಿಂದ 2.30 ಅಂತ ಬರೆದೆನಲ್ಲ, ಆ ಹೊತ್ತಿನಲ್ಲಿ ಮಗುವಿನ ಹತ್ತಿರ ಯಾರು ಅಂತ ಯೋಚನೆಯನ್ನೇ ಮಾಡಿರಲಿಲ್ಲ. ಅಂದರೆ ಮಾಡಿದ್ದೆ. ಅತ್ತೆಗೆ ಹೇಗೂ ಮಂಡಿ ನೋವು, ರೂಮಿನಲ್ಲಿ ಇರ್ತಾರೆ ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅವರನ್ನು ಕೇಳಿರಲಿಲ್ಲ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ಅತ್ತೆ 'ನಾನಿರ್ತೀನಿ ಬಿಡು' ಅಂದರು. ನಮ್ಮಮ್ಮ 'ಬೇಡ ಬೀಗ್ತಿ, ನಾನಿರ್ತೀನಿ' ಅಂದರು. ಇಬ್ಬರೂ ಸೇರಿ ಐದು ನಿಮಿಷ ಹೀಗೇ. ಆಗ ಮಾವ ಎದ್ದು ಹಳೇ ಕ್ಯಾಲೆಂಡರಿನ ಹಾಳೆ ಹರಿದು ತಂದರು. ಅವರು ಮೂವತ್ತು ವರ್ಷ ಕಾಟನ್ ಮಿಲ್ಲಿನಲ್ಲಿ ದುಡಿದವರು. ಹಿಂದೆ ಗೆರೆ ಹೊಡೆದು 'ಭಾನುವಾರದ ಪಾಳಿ, ಸೋಮವಾರದ ಪಾಳಿ' ಅಂತ ಬರೆದು, ಭಾನುವಾರದ ಮುಂದೆ ಮಗನ ಹೆಸರು, ಸೋಮವಾರದ ಮುಂದೆ ತಮ್ಮ ಹೆಸರೂ ಮಗಳ ಹೆಸರೂ ಹಾಕಿದರು. 'ಪಾಳಿ ಬದಲು ಮಾಡ್ಕೊಳ್ಳೋರು ಮೇಸ್ತ್ರಿಗೆ ಹೇಳಿ ಮಾಡ್ಕೊಳ್ಳಿ' ಅಂದರು. ಮೇಸ್ತ್ರಿ ಯಾರು ಅಂದರೆ ತಮ್ಮನ್ನೇ ತೋರಿಸಿಕೊಂಡರು. ನಮ್ಮ ಮನೆಯವರು ಅನ್ನ ಕಲಸುತ್ತಾ ಸುಮ್ಮನಿದ್ದರು.

ಹಾಳೆ ಈಗ ಫ್ರಿಜ್ ಮೇಲಿದೆ.

ಮಂಡಕ್ಕಿ ಮೆಣಸಿನಕಾಯಿ:

ದಾವಣಗೆರೆಯಲ್ಲಿ ಮಿಲ್ಲುಗಳು ಮುಚ್ಚಿದರೂ ಪಾಳಿ ನಿಂತಿಲ್ಲ ನೋಡಿ.

ಕೋಟೆ ಕಾಯೋನು:

ಚಿತ್ರದುರ್ಗದಿಂದ ನನ್ನದೊಂದು ಸಲಹೆ. ನಾಲ್ಕು ದಿನಕ್ಕೆ ನೇರ ಹಾರಬೇಡಿ. ಮುಂಚೆ ಒಂದು ಭಾನುವಾರ ಎಲ್ಲರನ್ನೂ ಕಟ್ಟಿಕೊಂಡು ದುರ್ಗಕ್ಕೆ ಬನ್ನಿ. 60 ಕಿಲೋಮೀಟರ್, ಹೈವೇಯಲ್ಲಿ ಒಂದು ಗಂಟೆ. ಅರ್ಧ ದಿನ ಕೋಟೆಯಲ್ಲಿ ಓಡಾಡಿ. ಯಾರು ಎಷ್ಟು ನಡೀತಾರೆ, ಯಾರಿಗೆ ಎಷ್ಟು ಹೊತ್ತಿಗೆ ಹಸಿವಾಗುತ್ತೆ, ಯಾರಿಗೆ ಯಾರ ಮೇಲೆ ಸಿಟ್ಟು ಬರುತ್ತೆ, ಎಲ್ಲ ಗೊತ್ತಾಗುತ್ತೆ. ಏಳು ಸುತ್ತಿನ ಕೋಟೆ ಪೂರ್ತಿ ನೋಡಬೇಕು ಅಂತಿಲ್ಲ. ಮೊದಲ ಬಾಗಿಲುಗಳು ದಾಟಿ ಮದ್ದು ಅರೆಯೋ ಬೀಸುಕಲ್ಲಿನ ತನಕ ಬಂದರೂ ಸಾಕು. ಬೆಳಿಗ್ಗೆ ಬೇಗ ಬನ್ನಿ, ಹತ್ತರ ಮೇಲೆ ಬಂಡೆ ಕಾಯುತ್ತೆ. ಕೋತಿಗಳಿವೆ. ತಿಂಡಿ ಕೈಯಲ್ಲಿ ಹಿಡ್ಕೊಂಡು ಓಡಾಡಬೇಡಿ.

ನಿಟುವಳ್ಳಿ ಸೊಸೆ:

ದುರ್ಗಕ್ಕೆ ಹೋಗಿಬಂದೆವು. ಬರೀಲೇಬೇಕು.

ಬೆಳಿಗ್ಗೆ ಎಂಟೂವರೆಗೆ ಕೋಟೆ ಬಾಗಿಲು. ಮೊದಲ ಐದು ನಿಮಿಷದಲ್ಲೇ ನಾದಿನಿ ಕೈಯಲ್ಲಿದ್ದ ರಸ್ಕ್ ಪೊಟ್ಟಣ ಹೋಯಿತು. ಕೋತಿ ಕಿತ್ತುಕೊಳ್ಳಲಿಲ್ಲ, ಬಂದು ಬಹಳ ಮರ್ಯಾದೆಯಿಂದ ತಗೊಂಡು ಗೋಡೆ ಮೇಲೆ ಕೂತು ಬಿಚ್ಚಿತು. ಮಗ ಚಪ್ಪಾಳೆ ತಟ್ಟಿದ. ಅದು ಅವನ ಬೆಳಗಿನ ತಿಂಡಿ ಅಂತ ಅವನಿಗೆ ಆಮೇಲೆ ಗೊತ್ತಾಯಿತು.

ಎತ್ತಿಕೊಂಡರೆ ಒಲ್ಲ. ತಾನೇ ನಡೀಬೇಕು. ನಡೆಯೋದೂ ಮುಂದಕ್ಕಲ್ಲ. ಒಂದು ಮೆಟ್ಟಿಲು ಹತ್ತಿ, ಅದನ್ನೇ ಇಳಿದು, ಮತ್ತೆ ಹತ್ತಿ. ಹನ್ನೊಂದು ಸಲ ಎಣಿಸಿದೆ. ಬೀಸುಕಲ್ಲು ಮುಟ್ಟೋಕೆ ಐವತ್ತು ನಿಮಿಷ ಹಿಡಿಯಿತು. ಅತ್ತೆ ಮತ್ತು ನಮ್ಮಮ್ಮ ಎರಡನೇ ಬಾಗಿಲ ಹತ್ತಿರ ನೆರಳಲ್ಲಿ ಕೂತರು. ಅತ್ತೆ ಕೂರೋಕೆ ಎತ್ತರದ ಜಾಗವೇ ಬೇಕು ಅನ್ನೋದು ಅಲ್ಲಿ ಗೊತ್ತಾಯಿತು. ಮಡಚೋ ಸ್ಟೂಲು ಒಂದು ತಗೋಬೇಕು.

ಮಾವ 'ಏಕನಾಥೇಶ್ವರಿಗೆ ಕೈ ಮುಗಿದು ಬರ್ತೀನಿ' ಅಂತ ಹೋದವರು ಮುಕ್ಕಾಲು ಗಂಟೆ ಪತ್ತೆ ಇಲ್ಲ. ಫೋನು ಸೈಲೆಂಟ್. ನಮ್ಮ ಮನೆಯವರು ಹುಡುಕಿಕೊಂಡು ಓಬವ್ವನ ಕಿಂಡಿ ತನಕ ಹೋದರು. ಮಾವ ಆ ಹೊತ್ತಿಗೆ ಬೇರೆ ದಾರಿಯಲ್ಲಿ ಇಳಿದು ಬಂದು ಅತ್ತೆ ಪಕ್ಕ ಕೂತು ಶೇಂಗಾ ತಿನ್ನುತ್ತಿದ್ದರು. ಈಗ ಮಾವನನ್ನು ಹುಡುಕೋಕೆ ಹೋದವರನ್ನು ಹುಡುಕಬೇಕಾಯಿತು.

ಹನ್ನೊಂದೂವರೆಗೆ ಕಾರಿಗೆ ವಾಪಸ್. ಕಾರಲ್ಲೇ ಮೊಸರನ್ನ. ಮಗ ಭರಮಸಾಗರ ಬರೋದರೊಳಗೆ ಮಲಗಿದ. ಮನೆ ಬಂದರೂ ಎಬ್ಬಿಸದೆ, ಕಾರು ನೆರಳಲ್ಲಿ ನಿಲ್ಲಿಸಿಕೊಂಡು ನಾನು, ನಮ್ಮ ಮನೆಯವರು ಒಂದು ಗಂಟೆ ಅದರಲ್ಲೇ ಕೂತಿದ್ದೆವು. ಮದುವೆಯಾದ ಮೇಲೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು ಇರಬೇಕು.

ಎರಡು ಮಕ್ಕಳ ಅಪ್ಪ:

ಈಗ ತಯಾರಿ ಪಟ್ಟಿಗೆ ಸೇರಿಸಿಕೊಳ್ಳಿ. ಬೇರೆ ಆದರೆ ಸೇರೋ ಜಾಗ ಯಾವುದು, ಎಷ್ಟು ಹೊತ್ತಿಗೆ, ಇದನ್ನು ಪ್ರತಿ ಗೇಟಿನಲ್ಲೂ ಮೊದಲೇ ಹೇಳಿ. ಮಾವನವರ ಮಾತ್ರೆ ಚೀಟಿಯ ಫೋಟೋ ಎಲ್ಲರ ಫೋನಿನಲ್ಲೂ ಇರಲಿ. ಮಗುವಿಗೆ ಜ್ವರದ ಔಷಧಿ ಎಷ್ಟು ಕೊಡಬೇಕು ಅಂತ ನಿಮ್ಮ ಡಾಕ್ಟರ ಹತ್ತಿರ ಈಗಿನ ತೂಕಕ್ಕೆ ಬರೆಸಿಕೊಂಡು ಹೋಗಿ, ಆರು ತಿಂಗಳ ಹಿಂದಿನ ಅಳತೆ ಬೇಡ. ಓಆರ್‌ಎಸ್ ಪೊಟ್ಟಣ ನಾಲ್ಕು. ಕಾರಲ್ಲಿ ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಬೇಡಿ, ಎಷ್ಟೇ ಅತ್ತರೂ.

ಹರಿಹರದ ಅಜ್ಜಿ:

ರಾಗಿ ಸರಿ ಹಿಟ್ಟು ಮನೆಯಿಂದಲೇ ಒಯ್ಯಿ. ಬಿಸಿನೀರಿನ ಕೆಟಲ್ ಒಂದಿದ್ದರೆ ಮಗುವಿಗೂ ಆಯಿತು, ಅಜ್ಜನ ಕಾಫಿಗೂ ಆಯಿತು. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೋ. ಮೈಸೂರಿನ ಊಟ ಚೆನ್ನಾಗಿರುತ್ತದೆ, ಆದರೆ ಎರಡನೇ ದಿನ ರಾತ್ರಿ ನಮ್ಮ ಕಡೆಯ ಗಂಡಸರ ಮುಖ ರೊಟ್ಟಿ ಕೇಳುತ್ತದೆ.

ಮೈಸೂರಲ್ಲಿರೋ ದಾವಣಗೆರೆಯವಳು:

ರೂಮು ಎರಡಲ್ಲ, ಮೂರು ತಗೊಳ್ಳಿ. ಮಾವನವರ ಪೂಜೆಗೆ ಮಗುವಿನ ಸದ್ದಿಲ್ಲದ ಒಂದು ಕೋಣೆ ಬೇಕಲ್ವಾ. ಕಮೋಡ್ ಇದೆಯಾ, ಕೆಳಗಿನ ಮಹಡಿಯಾ ಅಂತ ಫೋನಿನಲ್ಲೇ ಕೇಳಿ.

(ಇಪ್ಪತ್ತಮೂರು ದಿನದ ನಂತರ)

ನಿಟುವಳ್ಳಿ ಸೊಸೆ:

ಬಂದೆವು. ಎಲ್ಲರೂ ಬದುಕಿದ್ದೇವೆ, ಮಾತೂ ಬಿಟ್ಟಿಲ್ಲ.

ಮಾವ ಮೂರೂವರೆಗೆ ಎದ್ದು ಪೂಜೆ ಮುಗಿಸಿ ಐದಕ್ಕೆ ಎಲ್ಲರಿಗಿಂತ ಮೊದಲು ಕಾರಲ್ಲಿ ಕೂತಿದ್ದರು. ಡ್ರೈವರ್ ಇಟ್ಟುಕೊಂಡೆವು, ಅದು ಒಳ್ಳೇದಾಯಿತು. ಹಿರಿಯೂರಿನಲ್ಲಿ ಹೈವೇ ಬಿಟ್ಟು ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲದ ದಾರಿ ಹಿಡಿದೆವು. ಮಗ ಹಿರಿಯೂರು ತನಕ ನಿದ್ದೆ. ಆಮೇಲೆ ನಾಲ್ಕು ಕಡೆ ನಿಲ್ಲಿಸಿದೆವು. ಶ್ರೀರಂಗಪಟ್ಟಣದಲ್ಲಿ ದೇವಸ್ಥಾನ ಒಂದೇ. ರಂಗನತಿಟ್ಟು ಬಿಟ್ಟೆವು, ನಾದಿನಿ ಒಂದು ಗಂಟೆ ಮುಖ ಊದಿಸಿಕೊಂಡಿದ್ದಳು.

ಲಾಡ್ಜಿನ ವಿಷಯ. ಕೆಳಗಿನ ಮಹಡಿ ಅಂತ ಫೋನಿನಲ್ಲಿ ಎರಡು ಸಲ ಒಪ್ಪಿಕೊಂಡಿದ್ದರು. ಹೋದರೆ ಎರಡನೇ ಮಹಡಿ. 'ಲಿಫ್ಟ್ ಇದೆ ಮೇಡಂ' ಅಂದರು. ಲಿಫ್ಟ್ ಇತ್ತು ನಿಜ. ಲಿಫ್ಟಿನ ಹತ್ತಿರ ಹೋಗೋಕೆ ಒಂಬತ್ತು ಮೆಟ್ಟಿಲು! ಮುಂದೆ ಹೋಗೋರು ಹೀಗೆ ಕೇಳಿ: ರಸ್ತೆಯಿಂದ ಮಂಚದ ತನಕ ಒಟ್ಟು ಎಷ್ಟು ಮೆಟ್ಟಿಲು? ಜಗಳ ಆಡಿ ಕೊನೆಗೆ ಹಿಂದಿನ ಬಾಗಿಲಿನ ಹತ್ತಿರ ಒಂದು ರೂಮು ಸಿಕ್ಕಿತು. ಅಡುಗೆಮನೆ ಪಕ್ಕ. ಬೆಳಿಗ್ಗೆ ನಾಲ್ಕಕ್ಕೇ ಸಾಂಬಾರಿನ ವಾಸನೆ. ಅತ್ತೆಗೆ ಅದೇ ಇಷ್ಟವಾಯಿತು.

ಭಾನುವಾರ ಬೆಟ್ಟ, ಸುತ್ತೂರು ಮಠ. ಹನ್ನೆರಡಕ್ಕೆ ರೂಮು. ಪಾಳಿ ಪ್ರಕಾರ ನಮ್ಮ ಮನೆಯವರು ಮಗುವಿನ ಹತ್ತಿರ. ಮಾವ ಮಲಗಿದರು. ನಾನು, ನಾದಿನಿ ಹೊರಗೆ ಹೊರಟೆವು, ಅತ್ತೆ ಮತ್ತು ನಮ್ಮಮ್ಮ 'ನಾವು ಬೇರೆ ಹೋಗ್ತೀವಿ' ಅಂದರು. ಆಟೋ ಹಿಡಿದು ಇಬ್ಬರೇ ದೇವರಾಜ ಮಾರ್ಕೆಟ್ಟಿಗೆ ಹೋಗಿದ್ದಾರೆ. ಮದುವೆಯಾದ ಐದು ವರ್ಷದಲ್ಲಿ ಇವರಿಬ್ಬರೂ ಒಬ್ಬರಿಗೊಬ್ಬರು 'ಊಟ ಆಯ್ತಾ, ಬಿಸಿಲು ಜಾಸ್ತಿ' ಅನ್ನೋದು ಬಿಟ್ಟು ಮಾತಾಡಿದ್ದು ನಾನು ಕೇಳಿಲ್ಲ. ಮೂರೂವರೆಗೆ ಬಂದರು. ಇಬ್ಬರ ತಲೆಯಲ್ಲೂ ಮಲ್ಲಿಗೆ. ಗುಡ್ಡೆ ಹಾಕಿರೋ ಬಣ್ಣಬಣ್ಣದ ಕುಂಕುಮ ನೋಡಿ ಹತ್ತು ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದರು. ಅತ್ತೆ ಮಾರ್ಕೆಟ್ಟಿನಲ್ಲಿ ಅಷ್ಟು ಹೊತ್ತು ಹೇಗೆ ನಡೆದರು ಅಂತ ಕೇಳಿದರೆ, 'ಅಂಗಡಿಯವರೆಲ್ಲ ಸ್ಟೂಲು ಕೊಟ್ಟರು' ಅಂದರು. ನಾವು ತಗೊಂಡು ಹೋಗಿದ್ದ ಸ್ಟೂಲು ಕಾರಲ್ಲೇ ಇತ್ತು.

ಒಳಗೆ ನಮ್ಮ ಮನೆಯವರು ಕತ್ತಲಲ್ಲಿ ಕೂತಿದ್ದರು. 'ಎರಡು ಗಂಟೆ ಇಷ್ಟು ಉದ್ದ ಇರುತ್ತಾ?' ಅಂತ ಕೇಳಿದರು. ಹರಿಹರದ ಅಜ್ಜಿಗೆ ಇದನ್ನು ತಲುಪಿಸಬೇಕು ಅಂತ ಅಲ್ಲೇ ಅಂದುಕೊಂಡೆ.

ಸಂಜೆ ಅರಮನೆ. ಒಳಗೆ ಎಲ್ಲ ಚೆನ್ನಾಗಿ ಆಯಿತು. ಮಗನಿಗೆ ದರ್ಬಾರ್ ಹಾಲಿಗಿಂತ ಪಾರಿವಾಳ ಹಿಡಿಸಿತು. ಬಯಲಲ್ಲಿ ಕೂತು ಏಳಕ್ಕೆ ಕಾದೆವು. ಆರೂ ನಲವತ್ತಕ್ಕೆ ಮಗ ಮಾವನ ಹೆಗಲ ಮೇಲೆ ಮಲಗಿಬಿಟ್ಟ. ದೀಪ ಹೊತ್ತಿತು, ಸಾವಿರಾರು ಜನ 'ಓ' ಅಂದರು, ಬ್ಯಾಂಡು ಶುರುವಾಯಿತು. ಅವನು ಕಣ್ಣು ಬಿಡಲಿಲ್ಲ. ಮಾವ ಮಾತ್ರ ಅವನ ಕಿವಿಯ ಹತ್ತಿರ ಹೇಳುತ್ತಲೇ ಇದ್ದರು, 'ಹಳೇ ಮರದ ಅರಮನೆ 1897ರಲ್ಲಿ ಸುಟ್ಟು ಹೋಯ್ತಪ್ಪ, ಇದು 1912ರಲ್ಲಿ ಮುಗಿದಿದ್ದು' ಅಂತ. ಜೊಲ್ಲು ಅವರ ಜುಬ್ಬದ ಮೇಲೆ ಇಳೀತಿತ್ತು.

ಸೋಮವಾರ ಎಂಟೂವರೆಗೆ ಮೃಗಾಲಯ. ಬ್ಯಾಟರಿ ಗಾಡಿ ಅಂದ ಕೂಡಲೇ ಅತ್ತೆ 'ಸ್ವಲ್ಪ ದೂರ ನಡೀತೀನಿ' ಅಂದರು. ನಂಬಲಿಲ್ಲ. ಮಗ ಜಿರ್ರಾಫೆ ಮುಂದೆ ಅರ್ಧ ನಿಮಿಷ ನಿಂತ. ಗಿಡಕ್ಕೆ ನೀರು ಬಿಡೋ ಪೈಪಿನ ಮುಂದೆ ಇಪ್ಪತ್ತು ನಿಮಿಷ. ಆ ಕೆಲಸದವರು ಪಾಪ, ಅವನ ಕೈಗೆ ಪೈಪು ಕೊಟ್ಟು ಪಕ್ಕದಲ್ಲಿ ನಿಂತರು. ನಾವು ಎಲ್ಲರ ಟಿಕೆಟ್ ಸಾರ್ಥಕವಾಯಿತು ಅಂದುಕೊಂಡು ನೋಡಿದೆವು. ಮಧ್ಯಾಹ್ನದ ಪಾಳಿ ಮಾವನದೂ ನಾದಿನಿಯದೂ. ಮಾವ ಮಗುವಿಗಿಂತ ಮೊದಲೇ ಮಲಗಿದರಂತೆ. ಮಾತ್ರೆ ಡಬ್ಬಿ ಮನೆಯಲ್ಲೇ ಉಳಿದಿತ್ತು ಅನ್ನೋದೂ ಅವತ್ತೇ ಗೊತ್ತಾಯಿತು. ಚೀಟಿಯ ಫೋಟೋ ಇದ್ದದ್ದಕ್ಕೆ ಮೆಡಿಕಲ್ ಶಾಪಿನಲ್ಲಿ ಹತ್ತು ನಿಮಿಷಕ್ಕೆ ಸಿಕ್ಕಿತು. ಎರಡು ಮಕ್ಕಳ ಅಪ್ಪನಿಗೆ ಕೈ ಮುಗಿದೆ. ಸಂಜೆ ರೈಲು ಮ್ಯೂಸಿಯಂ ಬಿಟ್ಟು ಅರಮನೆ ಮುಂದೆ ಜಟಕಾ ಹತ್ತಿದೆವು, ಏಕೆಂದರೆ ಅತ್ತೆ ಕೇಳಿದರು. ಅವರಾಗಿ ಏನನ್ನಾದರೂ ಕೇಳಿದ್ದು ನನಗೆ ನೆನಪಿರುವಂತೆ ಅದೊಂದೇ.

ಮಂಗಳವಾರ ನಂಜನಗೂಡು ಮುಗಿಸಿ ಹೊರಟೆವು. ದಾರಿಯಲ್ಲಿ ಕಾರು ನಿಲ್ಲಿಸಿ ರೊಟ್ಟಿ ಚಟ್ನಿಪುಡಿ. ಅಜ್ಜಿ, ನೀವು ಹೇಳಿದ್ದು ನಿಜ, ಎರಡನೇ ರಾತ್ರಿಯೇ ಕೇಳಿದರು.

ಹರಿಹರದ ಅಜ್ಜಿ:

ನಿನ್ನ ಗಂಡ ಹೇಳಿದ್ದನ್ನು ಮಗನಿಗೆ ಓದಿ ಹೇಳಿದೆ. ಮುಂದಿನ ಭಾನುವಾರ ಲಾಲ್‌ಬಾಗಿಗೆ ಹೋಗೋಣ ಅಂದಿದ್ದಾನೆ. ವಂದೇ ಭಾರತ್ ರೈಲಂತೆ. ನೋಡೋಣ.

ಬೀರೂರು ಜಂಕ್ಷನ್:

ಅಜ್ಜಿ, ಅದು ಹರಿಹರದಲ್ಲಿ ನಿಲ್ಲಲ್ಲ. ದಾವಣಗೆರೆಗೆ ಬಂದು ಹತ್ತಬೇಕು.

ಒಂಟಿ ಸವಾರ:

ನಾನು ಆಗ ಹೇಳಿದ್ದನ್ನು ವಾಪಸ್ ತಗೋತೀನಿ. ಅಂದ ಹಾಗೆ ಅಕ್ಕಾ, ಸ್ಟ್ರೋಲರ್ ಏನಾಯಿತು? ಅದರ ಮಾತೇ ಬರಲಿಲ್ಲ.

ನಿಟುವಳ್ಳಿ ಸೊಸೆ:

ಯಾರೂ ಕೇಳದಿರಲಿ ಅಂತಿದ್ದೆ. ನಮ್ಮ ಮನೆಯವರು ಹೊರಡೋ ಹಿಂದಿನ ದಿನ ತಂದರು. ನಾಲ್ಕು ದಿನವೂ ಅದರಲ್ಲಿ ಕೂತಿದ್ದು ಬ್ಯಾಗು, ಕುಂಕುಮದ ಪೊಟ್ಟಣ, ಒಂದು ಸಲ ಅತ್ತೆಯ ಸ್ಟೂಲು. ಯಾರಿಗಾದರೂ ಬೇಕಿದ್ದರೆ ನಿಟುವಳ್ಳಿಗೆ ಬಂದು ತಗೊಂಡು ಹೋಗಿ. ಹೊಸದರ ಹಾಗೇ ಇದೆ, ಒಂದು ಚಕ್ರಕ್ಕೆ ಮಾತ್ರ ಕುಂಕುಮ ಹತ್ತಿದೆ.